ಕಾಗದ ಬಿಡುವ ಹೊತ್ತು

“ನೋಡಕ್ಕಾ, ಹೇಳ್ತೀನಿ ಕೇಳು. ಸಿಲಿಂಡರ್ ಒಳಗೆ ಪಿಸ್ಟನ್ ಅಂತ ಒಂದಿರುತ್ತೆ, ಮೇಲೆ ಕೆಳಗೆ ಓಡಾಡ್ತಾನೇ ಇರುತ್ತೆ. ಅದು ಮೇಲೆ ಬರೋ ಹೊತ್ತಿಗೆ ಕಿಡಿ ಹಾರಬೇಕು. ಪೂರ್ತಿ ಮೇಲೆ ಬಂದ ಮೇಲಲ್ಲ, ಇನ್ನೂ ಒಂದೆರಡು ಅಕ್ಕಿಕಾಳಿನಷ್ಟು ದೂರ ಇರೋವಾಗಲೇ. ಯಾಕಂದ್ರೆ ಬೆಂಕಿ ಹತ್ಕೊಳ್ಳೋಕೂ ಒಂಚೂರು ಹೊತ್ತು ಬೇಕಲ್ಲ. ಉಯ್ಯಾಲೆ ತೂಗೋದು ಅಂದ್ಕೋ. ತಡವಾಗಿ ತಳ್ಳಿದ್ರೆ ಉಯ್ಯಾಲೆ ಸೋಮಾರಿ ಆಗುತ್ತೆ. ಬೇಗ ತಳ್ಳಿದ್ರೆ ಎದುರಿಗೆ ಬಂದು ನಿನ್ನ ಮಣಿಕಟ್ಟೇ ಮುರಿಯುತ್ತೆ. ಗಾಡೀನೂ ಹಾಗೇ. ತಡವಾದ್ರೆ ಸೈಲೆನ್ಸರ್ ಕೆಂಡ ಆಗುತ್ತೆ, ಏರು ಹತ್ತಲ್ಲ. ಬೇಗ ಆದ್ರೆ ಕಿಕ್ ಹೊಡೆದವನ ಮೊಣಕಾಲಿಗೇ ವಾಪಸ್ ಒದೆಯುತ್ತೆ, ಪಿಸ್ಟನ್ ನೆತ್ತಿ ತೂತು ಬೀಳುತ್ತೆ. ಆ ಕಿಡಿ ಯಾವಾಗ ಹಾರುತ್ತೆ ಗೊತ್ತಾ? ಪಾಯಿಂಟ್ ಅಂತ ಎರಡು ಪುಟ್ಟ ತುಣುಕು ಇರ್ತವೆ, ಒಂದಕ್ಕೊಂದು ಅಂಟ್ಕೊಂಡು ಕೂತಿರ್ತವೆ. ಅವು ಬಿಡೋ ಕ್ಷಣಕ್ಕೆ ಕಿಡಿ. ಆ ಬಿಡೋದು ಕಣ್ಣಿಗೆ ಕಾಣಲ್ಲ, ಕೂದಲೆಳೆಗಿಂತ ಕಡಿಮೆ. ಅದಕ್ಕೇ ನಡುವೆ ಸಿಗರೇಟು ಪ್ಯಾಕಿನೊಳಗಿನ ತೆಳು ಕಾಗದ ಇಟ್ಟು, ಮೆಲ್ಲಗೆ ಎಳೀತಾ ಎಂಜಿನ್ ಚಕ್ರ ತಿರುಗಿಸೋದು. ಕಚ್ಕೊಂಡಿರುತ್ತೆ, ಕಚ್ಕೊಂಡಿರುತ್ತೆ, ಆಮೇಲೆ ಒಂದು ಕಡೆ... ಹಿಂಗೆ... ಬಿಡುತ್ತೆ. ಮಗು ನಿದ್ದೆ ಹತ್ತಿದಾಗ ನಮ್ಮ ಬೆರಳು ಬಿಡುತ್ತಲ್ಲ, ಹಾಗೆ. ಅದು ಬಿಟ್ಟಿದ್ದನ್ನ ಈ ಎರಡು ಬೆರಳು ನನಗೆ ಹೇಳ್ತಿದ್ವು ಅಕ್ಕಾ. ಮೀಸೆ ಬರೋಕೆ ಮುಂಚಿನಿಂದ ಹೇಳ್ತಿದ್ವು. ಈಗ ಹೇಳ್ತಿಲ್ಲ. ಕಾಗದ ಕೈಯಲ್ಲಿದೆಯೋ ಬಿದ್ದುಹೋಗಿದೆಯೋ ಅಂತ ನೋಡಿ ತಿಳ್ಕೋಬೇಕು. ಯಾರಿಗೂ ಹೇಳಬೇಡ.”

ಇಷ್ಟನ್ನೂ ನನ್ನ ತಮ್ಮ ಹೇಳಿದ್ದು ಒಂದು ಮಧ್ಯಾಹ್ನ, ಅಂಗಡಿಯಿಂದ ಮೇಲಿನ ಮನೆಗೆ ಹತ್ತುವ ಮೆಟ್ಟಿಲ ಮೇಲೆ. ನಾನು ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ. ಅವನು ನನಗಿಂತ ಕೆಳಗಿನ ಮೆಟ್ಟಿಲಲ್ಲಿ ಕೂತು, ಬೇರೆ ಯಾರದೋ ಕೈಯನ್ನು ನೋಡುವ ಹಾಗೆ ತನ್ನ ಕೈ ನೋಡುತ್ತಿದ್ದ. ಮಾತು ಕಡಿಮೆಯ ಮನುಷ್ಯ. ಅವನ ಬಾಯಿಂದ ಒಂದೇ ಉಸಿರಿಗೆ ಇಷ್ಟು ಮಾತು ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ನಾರು ತೆಗೆಯುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅವನೂ ನಿಲ್ಲಿಸುತ್ತಿದ್ದ.

ನನ್ನ ಗಂಡ ತೀರಿಕೊಂಡ ಮೇಲೆ ಈ ತಮ್ಮನೇ ಬಂದು ನನ್ನ ಟ್ರಂಕನ್ನು ಹೆಗಲ ಮೇಲೆ ಹೊತ್ತು ತಂದು ತನ್ನ ಮನೆಯ ಕಿಟಕಿ ಪಕ್ಕ ಇಟ್ಟ. “ಇಲ್ಲೇ ಇರು” ಎಂದ. ಅಷ್ಟೇ. ಆ ಕಿಟಕಿಯ ಕೆಳಗೇ ಅವನ ಗ್ಯಾರೇಜು. ಒಂದೇ ಕೋಣೆ. ಅರ್ಧಕ್ಕೆ ಬಂದು ಸಿಕ್ಕಿಕೊಳ್ಳುವ ಶಟರು. ಎಣ್ಣೆ ಕುಡಿದು ಕುಡಿದು ಕಪ್ಪಾದ ನೆಲ. ಗೋಡೆಯ ಮೇಲೆ ಒಂದೊಂದು ಸ್ಪಾನರಿನ ಸುತ್ತಲೂ ಸೀಮೆಸುಣ್ಣದಲ್ಲಿ ಬರೆದ ಗೆರೆ, ಯಾವುದು ಎಲ್ಲಿಂದ ಹೋಯಿತೆಂದು ನನ್ನಂಥವಳಿಗೂ ತಿಳಿಯುತ್ತಿತ್ತು. ಎರಡು ಸ್ಟ್ರೋಕಿನ ಹಳೆಯ ಬೈಕುಗಳು ಮಾತ್ರ ಅವನ ಕೆಲಸ. ಹೊಸ ಗಾಡಿಗಳಿಗೆ ಕಿಡಿಯ ಹೊತ್ತು ಹೀಗೆ ಕೂರಿಸುವ ಗೋಜೇ ಇಲ್ಲವಂತೆ, ಎಲ್ಲವೂ ಡಬ್ಬಿಯೊಳಗೆ ತಾನಾಗಿಯೇ ಆಗುತ್ತದಂತೆ. “ಅವುಗಳಿಗೆ ಮೇಸ್ತ್ರಿ ಬೇಡ, ಡಬ್ಬಿ ಬದಲಾಯಿಸೋನು ಸಾಕು” ಎನ್ನುತ್ತಿದ್ದ.

ಊರಲ್ಲಿ ಅವನಿಗೆ ಕಾಗದ ಮೇಸ್ತ್ರಿ ಎಂದೇ ಹೆಸರು. ಜನ್ಮದಲ್ಲಿ ಒಂದು ಸಿಗರೇಟು ಸೇದಿದವನಲ್ಲ, ಜೇಬಿನಲ್ಲಿ ಮಾತ್ರ ಯಾವಾಗಲೂ ಖಾಲಿ ಪ್ಯಾಕು. ಎದುರಿನ ಕ್ಷೌರದಂಗಡಿಯವನು ತನ್ನ ಗಿರಾಕಿಗಳು ಬಿಸಾಕಿದ ಪ್ಯಾಕುಗಳನ್ನು ಆರಿಸಿ ಅವನಿಗಾಗಿಯೇ ಎತ್ತಿಡುತ್ತಿದ್ದ. “ಸೇದದೇನೇ ಕೆಟ್ಟೆಯಲ್ಲೋ ಮಾರಾಯ” ಎಂದು ಹಂಗಿಸಿಯೇ ಕೊಡುತ್ತಿದ್ದ.

ಬೆರಳಿನ ಆ ಗುಣ ತಮ್ಮನಿಗೆ ಹುಟ್ಟಿನಿಂದಲೇ ಬಂದದ್ದು. ಚಿಕ್ಕಂದಿನಲ್ಲಿ ನನ್ನ ಹಿಮ್ಮಡಿಗೆ ಮುಳ್ಳು ಹೊಕ್ಕರೆ ಅಮ್ಮ ದೀಪ ಹಿಡಿದು ಹುಡುಕಿದರೂ ಸಿಗುತ್ತಿರಲಿಲ್ಲ. ಇವನು ಬಂದು, ಕಣ್ಣು ಮುಚ್ಚಿಕೊಂಡು ಬೆರಳಾಡಿಸಿ, “ಇಲ್ಲಿದೆ” ಎನ್ನುತ್ತಿದ್ದ. ಅಲ್ಲೇ ಇರುತ್ತಿತ್ತು.

ಅಂಥ ಬೆರಳು ಹೋದದ್ದು ನಮಗೆ ಗೊತ್ತಾದದ್ದು ವಾಸನೆಯಿಂದ. ಕಿಟಕಿಗೆ ಸುಟ್ಟ ವಾಸನೆ ಬಂತು. ಒಲೆಯ ಮೇಲೆ ಏನಾದರೂ ಸೀದಿತೇನೋ ಎಂದು ನಾನು ತಮ್ಮನ ಹೆಂಡತಿಯನ್ನು ಕೂಗಿದೆ. ಒಲೆ ಹಚ್ಚೇ ಇರಲಿಲ್ಲ. ಅವಳು ಕೆಳಗೆ ಓಡಿ ನೋಡಿದರೆ ಇವನು ಬಿಸಿ ಸೈಲೆನ್ಸರಿನ ಮೇಲೆ ಬಲಗೈ ಊರಿಕೊಂಡು, ಬಗ್ಗಿ ಏನನ್ನೋ ನೋಡುತ್ತಿದ್ದಾನೆ. ಅವಳು ಕೈ ಕಿತ್ತು ತೆಗೆದಳು. “ಏನೇ ಅದು?” ಎಂದು ಇವಳನ್ನೇ ಗದರಿದನಂತೆ. ಬೆರಳ ತುದಿಗಳು ಬೆಳ್ಳಗೆ ಬೊಬ್ಬೆ ಎದ್ದಿದ್ದವು.

ಡಾಕ್ಟರು ಸೂಜಿ ಚುಚ್ಚಿ ಚುಚ್ಚಿ ಕೇಳಿದರು. ರಕ್ತದಲ್ಲಿ ಸಕ್ಕರೆ ಇದೆ ಎಂದರು. ವರ್ಷಗಟ್ಟಲೆ ಪೆಟ್ರೋಲಿನಲ್ಲಿ ಕೈ ತೊಳೆದದ್ದೂ ಸೇರಿರಬಹುದು ಎಂದರು. ಇನ್ನು ಮುಂದೆ ಹೋಗದ ಹಾಗೆ ಮಾತ್ರೆ ಇದೆ, ಹೋದದ್ದು ಬರುವುದಿಲ್ಲ ಎಂದರು. ಮನೆಗೆ ಬರುವ ದಾರಿಯುದ್ದಕ್ಕೂ ತಮ್ಮನ ಹೆಂಡತಿ ಅಳುತ್ತಿದ್ದಳು. ಅವನು ಮಾತ್ರ, “ಅಳೋದು ನಿಲ್ಸು, ನೋಡಿದೋರು ನಾನು ಹೊಡೆದೆ ಅಂದ್ಕೋತಾರೆ” ಎಂದ.

ಮೆಟ್ಟಿಲ ಮೇಲೆ ನನಗೆ ಅಷ್ಟೂ ಹೇಳಿದ್ದು ಅದಾದ ಮೇಲೇ. ಅಲ್ಲಿಂದ ಅವನು ಊಹೆಯ ಮೇಲೆ ಕೆಲಸ ಮಾಡತೊಡಗಿದ. ಕಾಗದ ಇಡುತ್ತಿದ್ದ, ಎಳೆಯುತ್ತಿದ್ದ, ಗಿರಾಕಿಯ ಎದುರು ತಲೆಯನ್ನೂ ಆಡಿಸುತ್ತಿದ್ದ. ಒಳಗೆ ಏನೂ ತಿಳಿಯುತ್ತಿರಲಿಲ್ಲ. ಬಲ್ಬಿಗೆ ವೈರು ಕಟ್ಟಿ, ಪಾಯಿಂಟ್ ಬಿಟ್ಟಾಗ ಬೆಳಕು ಬದಲಾಗುವುದನ್ನು ನೋಡುವ ಇನ್ನೊಂದು ದಾರಿಯೂ ಇದೆಯಂತೆ. ಅದನ್ನೂ ಹಿಡಿದು ನೋಡಿದ. ಆ ವೈರು ಬಿಚ್ಚಿ ಕಟ್ಟಲು ಎಳ್ಳಿನಷ್ಟು ಸ್ಕ್ರೂ ತಿರುಗಿಸಬೇಕು. ಅದು ಅವನ ಬೆರಳಿಂದ ಜಾರಿ ಎಂಜಿನ್ನಿನೊಳಕ್ಕೆ ಬಿದ್ದು, ಅದನ್ನು ತೆಗೆಯಲು ಅರ್ಧ ದಿನ ಹೋಯಿತು. ಆಮೇಲಿಂದ ಸ್ಕ್ರೂ, ನಟ್ಟು ಎಲ್ಲವನ್ನೂ ಬೀಳದಿರಲೆಂದು ತುಟಿಯ ನಡುವೆ ಕಚ್ಚಿಕೊಳ್ಳತೊಡಗಿದ. “ನುಂಗಿಬಿಟ್ಟೀರಿ ರೀ” ಎಂದು ಹೆಂಡತಿ ಬಡಿದುಕೊಳ್ಳುತ್ತಿದ್ದಳು.

ಗಾಡಿಗಳು ವಾಪಸು ಬರತೊಡಗಿದವು. ಒಂದು ಏರು ಹತ್ತಲಿಲ್ಲ. ಇನ್ನೊಂದು ಮಾಲೀಕನ ಪಾದ ಊದುವಂತೆ ಒದೆಯಿತು. ಜನ ಮೊದಲು ಗಾಡಿಯನ್ನು ಬೈದರು, ಆಮೇಲೆ ಪೆಟ್ರೋಲನ್ನು ಬೈದರು. ಕೊನೆಗೆ ಅಂಗಡಿಗೆ ಬರುವುದನ್ನೇ ಬಿಟ್ಟರು. ಉಳಿದದ್ದು ನರ್ಸಮ್ಮನ ಗಾಡಿ ಒಂದು.

ನರ್ಸಮ್ಮ ಬೆಟ್ಟದ ಮೇಲಿನ ಮನೆಗಳಿಗೆ ಹೆರಿಗೆಗೆ ಹೋಗುವವಳು. ಗಂಡಸಿನ ಹಾಗೆ ಕಾಲು ಬೀಸಿ ಬೈಕು ಹತ್ತುತ್ತಾಳೆ, ಬೀದಿಯಲ್ಲಿ ಯಾರನ್ನೂ ಬಿಡದೆ ಮಾತಾಡಿಸುತ್ತಾಳೆ. ಆ ಹಳೆಯ ಬೈಕಿಗೆ ತಮ್ಮನನ್ನು ಬಿಟ್ಟು ಬೇರೆಯವರ ಕೈ ಸೋಕಿದ್ದಿಲ್ಲ. ಒಂದು ಸಲ ಅದು ಏರಿನ ನಡುವೆ ಬಿಸಿಯಾಗಿ ಹಿಡಿದುಕೊಂಡು, ಅವಳು ಕತ್ತಲಾಗುವವರೆಗೂ ಇಳಿಜಾರಿನಲ್ಲಿ ತಳ್ಳಿಕೊಂಡು ಬಂದಿದ್ದಳು. ಅದಾಗಿ ಒಂದು ವಾರಕ್ಕೆ, ಬೆಳಿಗ್ಗೆ, ಗಾಡಿಯನ್ನು ಅಂಗಡಿಯ ಮುಂದೆ ನಿಲ್ಲಿಸಿ ಹೇಳಿದ್ದು ನನಗೆ ಕಿಟಕಿಯಿಂದ ಚೆನ್ನಾಗಿ ಕೇಳಿಸಿತು.

“ಮೇಸ್ತ್ರೀ, ಸಂಜೆ ಮೇಲಕ್ಕೆ ಹೋಗ್ಲೇಬೇಕು. ತುಂಬಿದ ಬಸುರಿ ಇದ್ದಾಳೆ, ಮಗು ಅಡ್ಡ ತಿರುಗಿದೆ. ಜೀಪು ನಾಳೆ ಬೆಳಿಗ್ಗೇನೇ. ಇದು ಸರಿಹೋಗಲ್ಲ ಅಂದ್ರೆ ಈಗ್ಲೇ ಹೇಳು, ಬೇರೆ ದಾರಿ ನೋಡ್ಕೋತೀನಿ.”

ಹೇಳಿಬಿಡಬೇಕಿತ್ತು ಅವನು. ಆದರೆ ಹೇಳಿದರೆ ಅಲ್ಲಿಗೆ ಅವನು ಮೇಸ್ತ್ರಿಯಲ್ಲ. ಬರೀ ನನ್ನ ತಮ್ಮ, ತನ್ನ ಹೆಂಡತಿಯ ಗಂಡ, ಅಷ್ಟೇ.

“ಮಧ್ಯಾಹ್ನಕ್ಕೆ ಬನ್ನಿ” ಎಂದ.

ಮಧ್ಯಾಹ್ನ ಬಂದಳು. ಕಿಕ್ ಹೊಡೆದಳು. ಗಾಡಿ ಒಂದು ಸಲ ಕಾಲಿಗೆ ಒದ್ದು, ತಕ್ಷಣವೇ ಹತ್ತಿಕೊಂಡಿತು. ಸದ್ದು ಕೊಂಚ ಒರಟು. ಕಿಟಕಿಯಲ್ಲಿದ್ದ ನನಗೇ ಅದು ಬೇರೆಯಾಗಿ ಕೇಳಿಸಿತು. ತಮ್ಮ ಕೈ ಎತ್ತಿ “ಇರಿ, ಇರಿ” ಎನ್ನುವಷ್ಟರಲ್ಲಿ ಅವಳು ಗೇರು ಹಾಕಿ ಕ್ಲಚ್ಚು ಬಿಟ್ಟಳು. ಗಾಡಿ ಮುಂದೆ ಹೋಗಲಿಲ್ಲ. ಹಿಂದಕ್ಕೆ ಹೋಯಿತು. ನರ್ಸಮ್ಮನನ್ನು ಹೊತ್ತುಕೊಂಡು ರಸ್ತೆ ದಾಟಿ, ಕ್ಷೌರದಂಗಡಿಯ ಬೆಂಚಿಗೆ ಹಿಂಬದಿಯಿಂದ ಹೋಗಿ ಗುದ್ದಿ ನಿಂತಿತು. ಬೆಂಚಿನ ಮೇಲಿದ್ದವನು ಮುಖದ ತುಂಬಾ ನೊರೆ ಹೊತ್ತುಕೊಂಡೇ ಬೀದಿಗೆ ಹಾರಿದ.

ಎರಡು ಸ್ಟ್ರೋಕಿನ ಎಂಜಿನ್ನಿಗೆ ಎಡಬಲ ಗೊತ್ತಿಲ್ಲವಂತೆ. ಕಿಡಿ ತೀರಾ ಬೇಗ ಹಾರಿದರೆ, ಒದ್ದು ಹಿಂದೆ ತಿರುಗಿ, ಹಾಗೇ ಉಲ್ಟಾ ಓಡತೊಡಗುತ್ತದಂತೆ. ಆಮೇಲೆ ತಮ್ಮ ಹೇಳಿದ್ದು ಇದು. ಆಗ ಯಾರಿಗೆ ಅದೆಲ್ಲ ಬೇಕಿತ್ತು? ಬೀದಿಗೆ ಬೀದಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

“ಏನ್ ಮೇಸ್ತ್ರೀ, ಗಾಡಿಗೂ ಹಿಂದೆ ಹೋಗೋದು ಕಲಿಸಿಬಿಟ್ಯಾ?” ಕ್ಷೌರದವನು ಕತ್ತಿ ಹಿಡಿದುಕೊಂಡೇ ಕೂಗಿದ. “ನನಗೊಂದು ಹಿಂಗೇ ಮಾಡ್ಕೊಡಪ್ಪಾ. ಹೆಂಡ್ತೀನ ತವರಿಗೆ ಬಿಟ್ಟು, ಮುಖ ತಿರುಗಿಸದೇನೇ ವಾಪಸ್ ಬಂದ್ಬಿಡ್ತೀನಿ!”

ನರ್ಸಮ್ಮನೂ ನಕ್ಕಳು. ತಮ್ಮನೂ ನಕ್ಕ. ಅವನು ನಗುತ್ತಿದ್ದಾಗ ನಾನು ಅವನ ಕೈಗಳನ್ನೇ ನೋಡಿದೆ. ಅವನು ಗಾಡಿಯನ್ನು ತಳ್ಳಿಕೊಂಡು ಒಳಗೆ ಬಂದ. ನರ್ಸಮ್ಮ ಹಿಂದೆಯೇ ಬಂದಳು. ಅವಳ ಮುಖದಲ್ಲಿ ಈಗ ನಗುವಿರಲಿಲ್ಲ.

“ನಾಲ್ಕು ಗಂಟೆಗೆ ಬರ್ತೀನಿ. ಆಗದಿದ್ರೆ ನಡ್ಕೊಂಡೇ ಹತ್ತಬೇಕು. ಹತ್ತಿದ್ರೆ ನಡುರಾತ್ರಿ ಆಗುತ್ತೆ. ಆ ಹುಡುಗಿ ಅಲ್ಲೀವರೆಗೂ ಇರ್ತಾಳೋ ಇಲ್ವೋ ನನಗೆ ಗೊತ್ತಿಲ್ಲ.”

ಅವಳು ಹೋದ ಮೇಲೆ ತಮ್ಮ ಶಟರು ಎಳೆದ. ಹಾಡಹಗಲಲ್ಲಿ ಆ ಶಟರು ಇಳಿದದ್ದನ್ನು ನಾನು ಅದೇ ಮೊದಲು ನೋಡಿದ್ದು. ಯಾವಾಗಲೂ ಸಿಕ್ಕಿಕೊಳ್ಳುವುದು ಆವತ್ತು ಸರಾಗವಾಗಿ ಇಳಿಯಿತು.

ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಕಬ್ಬಿಣ ತಿರುಗುವ ಕಿರ್ ಎನ್ನುವ ಸದ್ದು. ನಿಂತಿತು. ಮತ್ತೆ ಕಿರ್. ತಮ್ಮನ ಹೆಂಡತಿ ನನ್ನ ಮುಖ ನೋಡಿದಳು. ಇಬ್ಬರೂ ಒಳಮೆಟ್ಟಿಲಿನಿಂದ ಇಳಿದೆವು. ಅವನು ಮೇಜಿಗೆ ಬಿಗಿದ ವೈಸಿನಲ್ಲಿ, ಕಬ್ಬಿಣದ ತುಂಡು ಹಿಡಿಸಿ ಅರ ಹಾಕುವ ಆ ಇಕ್ಕಳದಲ್ಲಿ, ತನ್ನ ಬಲಗೈಯ ತೋರುಬೆರಳು ಇಟ್ಟು ಎಡಗೈಯಿಂದ ತಿರುಪುತ್ತಿದ್ದ. ಉಗುರು ಆಗಲೇ ನೀಲಿಯಾಗಿತ್ತು.

“ಎಲ್ಲಿ ನೋವು ಶುರುವಾಗುತ್ತೆ ನೋಡ್ತಿದ್ದೆ” ಎಂದ, ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ. “ಇನ್ನೂ ಶುರುವಾಗಿಲ್ಲ ಅಕ್ಕಾ.”

ಅವನ ಹೆಂಡತಿ ವೈಸು ಬಿಚ್ಚಿದಳು. ಬಿಚ್ಚಿ, ಆ ಕೈಯನ್ನು ತನ್ನ ಸೆರಗಿನಲ್ಲಿ ಸುತ್ತಿ, ಮೊದಲ ಸಲ ಅವನ ಮೇಲೆ ಕೂಗಿದಳು. “ಬೆರಳು ಮುರ್ಕೊಂಡ್ರೆ ಗಾಡಿ ಹತ್ತುತ್ತಾ? ಹತ್ತೋ ಹಾಗಿದ್ರೆ ಹೇಳಿ, ನಂದೂ ಇಡ್ತೀನಿ!”

ಅವನು ನೆಲದ ಮೇಲೆ ಕೂತುಬಿಟ್ಟ. ಬೆಳಕು ಶಟರಿನ ತೂತುಗಳಿಂದ ಬಂದು ಅವನ ಬೆನ್ನ ಮೇಲೆ ಚುಕ್ಕೆಯಾಗಿ ಬಿದ್ದಿತ್ತು. “ನಾನೇ ಹೋಗಿ ಹೇಳ್ತೀನಿ, ಆಗಲ್ಲ ಅಂತ” ಎಂದ. ಎಂದವನು ಎದ್ದು ಹೋಗಲಿಲ್ಲ. ಗಾಡಿಯ ಮಗ್ಗುಲಿಗೆ ಹೊರಳಿ, ಬಿಚ್ಚಿಟ್ಟಿದ್ದ ಎಂಜಿನ್ನಿನೊಳಗೆ ಮತ್ತೊಮ್ಮೆ ಕಾಗದ ತೂರಿಸಿದ. ಬೇರೇನು ಮಾಡಬೇಕೋ ತಿಳಿಯದವನು ದಿನವೂ ಮಾಡುವುದನ್ನೇ ಮಾಡುತ್ತಾನೆ. ಪಾಯಿಂಟು ಕೂರುವ ತಟ್ಟೆ ಅಲುಗಾಡುತ್ತಿತ್ತೇನೋ, ಅದನ್ನು ಹಿಡಿಯಲು ಒಂದು ಕೈ, ಚಕ್ರಕ್ಕೆ ಇನ್ನೊಂದು ಕೈ ಬೇಕಾಯಿತು. ಕಾಗದದ ತುದಿಯನ್ನು, ನಟ್ಟು ಕಚ್ಚಿಕೊಳ್ಳುವ ಹಾಗೆಯೇ, ತುಟಿಯಲ್ಲಿ ಕಚ್ಚಿಕೊಂಡ. ಅಂಗೈಯಿಂದ ಚಕ್ರ ಉರುಳಿಸಿದ.

ಅವನ ಹುಬ್ಬು ಮೇಲಕ್ಕೆ ಹೋಯಿತು.

ಮತ್ತೆ ಉರುಳಿಸಿದ. ಮತ್ತೆ. ಕಾಗದ ಉಗಿದು, “ತುಟಿಗೆ ಗೊತ್ತಾಗ್ತಿದೆ” ಎಂದ. “ಬಿಟ್ಟಿದ್ದು ಗೊತ್ತಾಗ್ತಿದೆ ಕಣೇ.”

ಕುಣಿದಾಡುವ ಹಾಗೇನೂ ಇರಲಿಲ್ಲ. ತುಟಿಗೆ ತಿಳಿದರೆ ಸ್ಕ್ರೂ ತಿರುಗಿಸುವವರು ಯಾರು? ಗುರುತು ನೋಡುವವರು ಯಾರು? ಮೂರು ಗಂಟೆ ಆಗಲೇ ಹೊಡೆದಿತ್ತು. ಅವನು ನೆಲಕ್ಕೆ ಗೋಣಿ ಹಾಸಿಕೊಂಡು ಪಕ್ಕಕ್ಕೆ ಮಲಗಿದ. ಕೆನ್ನೆ ಎಂಜಿನ್ನಿಗೆ ಆನಿಸಿ, ಉದ್ದಕ್ಕೆ ಕತ್ತರಿಸಿದ ಕಾಗದವನ್ನು ತುಟಿಯಲ್ಲಿ ಹಿಡಿದ, ಕರು ಕೆಚ್ಚಲಿಗೆ ಬಾಯಿಟ್ಟ ಹಾಗೆ. ಹೆಂಡತಿಯ ಕೈಗೆ ಸ್ಕ್ರೂಡ್ರೈವರು ಕೊಟ್ಟ. ಕಿಡಿ ಹಾರಿಸುವ ಪ್ಲಗ್ಗು ಬಿಚ್ಚಿ, ಅದರ ತೂತಿನ ಬಳಿ ನನ್ನನ್ನು ಕೂರಿಸಿದ. ಆ ತೂತಿನಲ್ಲಿ ಸೈಕಲ್ಲಿನ ಸ್ಪೋಕ್ ಕಡ್ಡಿಯೊಂದನ್ನು ಇಳಿಬಿಟ್ಟಿದ್ದ. ಪಿಸ್ಟನ್ ಮೇಲೆ ಬಂದರೆ ಅದೂ ಏರುತ್ತದೆ. ಅದರ ಮೇಲೆ ಅರದಿಂದ ಕೊರೆದ ಎರಡು ಗೀರು, ಒಂದು ಪಿಸ್ಟನ್ ಪೂರ್ತಿ ಮೇಲೆ ಬಂದಾಗಿನದು, ಇನ್ನೊಂದು ಕಿಡಿ ಹಾರಬೇಕಾದ ಜಾಗದ್ದು. ಕಾಗದವನ್ನು ತುಟಿಯಿಂದ ತೆಗೆದು ಹೇಳಿದ.

“ಅಕ್ಕಾ, ಮೇಲಿನ ಗೀರು ಕಿಡಿದು. ಅದು ತೂತಿನ ಬಾಯಿಗೆ ಸಮ ಬಂದ ತಕ್ಷಣ ‘ಬಂತು’ ಅನ್ನು. ಏನೇ, ನಾನು ಒಂದು ಸಲ ಹ್ಞೂಂ ಅಂದ್ರೆ ತಟ್ಟೇನ ಆ ಕಡೆ ತಟ್ಟು. ಎರಡು ಸಲ ಅಂದ್ರೆ ಈ ಕಡೆ. ಮೆಲ್ಲಗೆ. ಇರುವೆ ಎಬ್ಬಿಸೋ ಹಾಗೆ.”

ಕಾಗದವನ್ನು ಮತ್ತೆ ಕಚ್ಚಿಕೊಂಡು ಅಂಗೈಯಿಂದ ಚಕ್ರ ಉರುಳಿಸತೊಡಗಿದ. ಮೊದಲ ಸಲ ನಾನು “ಬಂತು” ಎಂದಾಗ ಕಾಗದ ಆಗಲೇ ಬಿಟ್ಟುಹೋಗಿತ್ತು. ಹ್ಞೂಂ ಎಂದ. ಅವಳು ತಟ್ಟಿದಳು. ಈಗ ನಾನು “ಬಂತು” ಎಂದರೂ ಕಾಗದ ಬಿಡಲಿಲ್ಲ. ಹ್ಞೂಂ ಹ್ಞೂಂ. ಅವಳು ಗಾಬರಿಯಲ್ಲಿ ಜೋರಾಗಿ ತಟ್ಟಿದಳು, ತಟ್ಟೆ ಎಲ್ಲಿಗೋ ಹೋಯಿತು. ಬೈಯಲು ಅವನ ಬಾಯಿ ಖಾಲಿ ಇಲ್ಲ. ಹಿಮ್ಮಡಿಯಿಂದ ನೆಲಕ್ಕೆ ದಪದಪ ಬಡಿದ.

“ಅತ್ತಿಗೇ, ಇವರ ಬಾಯಿಗೆ ದಿನಾ ಒಂದು ಕಾಗದ ಕೊಡಬೇಕು” ಎಂದಳು ಅವಳು. ಕಣ್ಣಿಂದ ನೀರು ಇಳಿಯುತ್ತಲೇ ಇತ್ತು. ಮೊಣಕೈಯಿಂದ ಒರೆಸಿಕೊಂಡು ಮತ್ತೆ ತಟ್ಟಿದಳು.

ಎಷ್ಟು ಸಲ ಮಾಡಿದೆವೋ. ಆ ಗೀರು ನೋಡಿ ನೋಡಿ ನನ್ನ ಕಣ್ಣಿಗೆ ಎರಡು ಮೂರಾಗಿ ಕಾಣತೊಡಗಿತು. ಅವನ ಗಲ್ಲಕ್ಕೆ ಎಣ್ಣೆ ಇಳಿದು, ಅದರೊಳಗೆ ಬೆವರು ಗೆರೆ ಎಳೆದಿತ್ತು. ಹೊರಗೆ ಶಟರು ಬಡಿದ ಸದ್ದಾಯಿತು. ನರ್ಸಮ್ಮ ಅಲ್ಲ, ಕ್ಷೌರದವನು. ಒಂದಡಿ ಶಟರು ಎತ್ತಿ, ಬಗ್ಗಿ ಒಳಗೆ ತಲೆ ತೂರಿಸಿದ. ಕೈಯಲ್ಲಿ ಖಾಲಿ ಪ್ಯಾಕುಗಳಿದ್ದವು. ಮೂರು ಮುದಿಜೀವಗಳು ಒಂದು ಎಂಜಿನ್ನಿನ ಸುತ್ತ ಹೀಗೆ ಬಿದ್ದಿರುವುದನ್ನು ಸುಮ್ಮನೆ ನೋಡಿದ. ಆಮೇಲೆ ಮೆಲ್ಲಗೆ, “ಎಲ್ಲರಿಗೂ ಕೈಗೆ ಬಂದದ್ದು ಬಾಯಿಗೆ ಬರಲ್ಲ. ನಿನಗೆ ಕೈ ಬಿಟ್ಟದ್ದು ಬಾಯಿಗೆ ಬಂತಲ್ಲೋ” ಎಂದು, ಪ್ಯಾಕುಗಳನ್ನು ಒಳಗೆ ಸರಿಸಿ, ಶಟರು ಇಳಿಸಿ ಹೋದ.

ನಾನು “ಬಂತು” ಎಂದೆ. ಅದೇ ಕ್ಷಣಕ್ಕೆ ಅವನ ಗಂಟಲಿನಿಂದ ಒಂದು ಸದ್ದು ಬಂತು. ಅದು ಹ್ಞೂಂ ಅಲ್ಲ. ಕಾಗದ ಅವನ ತುಟಿಯಿಂದ ನೇತಾಡುತ್ತಿತ್ತು. ಹೆಂಡತಿ ಸ್ಕ್ರೂ ಬಿಗಿದಳು. ಬಿಗಿದ ಮೇಲೆ ಮತ್ತೆ ನೋಡಿದೆವು. ಜಾರಿರಲಿಲ್ಲ.

ನರ್ಸಮ್ಮ ಚೀಲ ಹೆಗಲಿಗೆ ಹಾಕಿಕೊಂಡೇ ಬಂದಳು. ತಮ್ಮ ಗಾಡಿಯನ್ನು ಹೊರಗೆ ತಂದು ನಿಲ್ಲಿಸಿ, ಕಿಕ್ ಹೊಡೆಯುವ ಮೊದಲೇ ಹೇಳಿದ. ಅಂಗಡಿಗಳವರೆಲ್ಲ ಬಾಗಿಲಿಗೆ ಬಂದಿದ್ದರು, ಎಲ್ಲರಿಗೂ ಕೇಳಿಸುವ ಹಾಗೆಯೇ ಹೇಳಿದ.

“ನರ್ಸಮ್ಮಾ, ನನ್ನ ಕೈ ಹೋಗಿದೆ. ಬೆರಳಿಗೆ ಏನೂ ಗೊತ್ತಾಗಲ್ಲ. ಹೋದ ವಾರದ್ದೂ ನನ್ನದೇ ತಪ್ಪು, ಮಧ್ಯಾಹ್ನದ್ದೂ. ಇದು ಮನೆಯವರು ಸೇರಿ ಕಟ್ಟಿರೋದು. ಸರಿ ಇದೆ ಅಂತ ನನಗನ್ಸುತ್ತೆ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು.”

ಅವಳು ಅವನ ಬಲಗೈ ಹಿಡಿದು ಉಗುರು ನೋಡಿದಳು. ಅವನ ಕಪ್ಪಾದ ತುಟಿ ನೋಡಿದಳು. “ಮೊದಲೇ ಹೇಳೋಕೇನಾಗಿತ್ತು ನಿನಗೆ?” ಎಂದಳು. ಅವಳಿಗೆ ಬೇರೆ ದಾರಿಯೂ ಇರಲಿಲ್ಲ. ಕಾಲು ಬೀಸಿ ಹತ್ತಿ, ಕಿಕ್ ಹೊಡೆದಳು. ಗಾಡಿ ಹತ್ತಿಕೊಂಡಿತು. ಗೇರು ಹಾಕುವಾಗ ಕ್ಷೌರದವನು ಬೆಂಚನ್ನು ಎತ್ತಿ ಒಳಗಿಟ್ಟುಕೊಂಡ. ಯಾರೂ ನಗಲಿಲ್ಲ. ಗಾಡಿ ಮುಂದಕ್ಕೆ ಹೋಯಿತು.

ನಾವು ಮೂವರೂ ಬೀದಿಯಲ್ಲೇ ನಿಂತೆವು. ಬೆಟ್ಟದ ರಸ್ತೆ ನಮ್ಮ ಮನೆಯ ಹಿಂದಿನಿಂದಲೇ ಏರುತ್ತದೆ. ಮೊದಲ ತಿರುವಿನಲ್ಲಿ ಸದ್ದು ಗಟ್ಟಿಯಾಗಿ ಕೇಳಿಸಿತು. ಎರಡನೆಯದು ಕಡಿದು. ಅಲ್ಲಿ ಗೇರು ಇಳಿಸಿದಳು, ಎಂಜಿನ್ನು ಒಂದು ಕ್ಷಣ ತೇಕಿತು. ತಮ್ಮ ನನ್ನ ತೋಳು ಹಿಡಿದ. ಎಷ್ಟು ಬಿಗಿಯಾಗಿ ಹಿಡಿದಿದ್ದಾನೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಮರುದಿನ ಅಲ್ಲಿ ಐದು ಬೆರಳಿನ ಗುರುತು ಇತ್ತು. ತೇಕಿದ ಸದ್ದು ಮತ್ತೆ ಎದ್ದು ನಿಂತು ಮೇಲಕ್ಕೆ ಹೋಯಿತು. ಆಮೇಲೆ ಬೆಟ್ಟದ ಹೆಗಲು ಅಡ್ಡ ಬಂತು.

“ಕೇಳಿಸ್ತಿದೆಯಾ?” ಎಂದ.

“ಇನ್ನು ಕೇಳಿಸಲ್ಲ ಕಣೋ. ಆ ಕಡೆ ತಿರುಗಿದಳು.”

“ಆ ಕಡೆನೇ ಇನ್ನೂ ಅರ್ಧ ಏರು ಇದೆ.”

ತಲುಪಿದಳೋ ಇಲ್ಲವೋ ತಿಳಿಯಲು ಬೆಳಿಗ್ಗೆ ಜೀಪು ಹೋಗಿ ಬರಬೇಕು. ತಮ್ಮ ಅಂಗಡಿಯ ಕಡೆ ತಿರುಗಿದ. ಸೀಮೆಸುಣ್ಣದ ಗೆರೆಗಳ ನಡುವೆ ಸ್ಪಾನರುಗಳು ನೇತಾಡುತ್ತಿದ್ದವು. ಅವನು ಅವುಗಳನ್ನು ಮುಟ್ಟಲಿಲ್ಲ. “ಒಂದು ಗಾಡಿಗೆ ಮೂರು ಜನ ಅಕ್ಕಾ. ಇನ್ನೊಬ್ಬ ಗಿರಾಕಿ ಯಾಕೆ ಬರ್ತಾನೆ? ಬಂದ್ರೂ, ನಾನು ನೆಲದ ಮೇಲೆ ಮಲಗಿ ಬಾಯಿ ಹಾಕೋದನ್ನ ನೋಡೋಕೆ ಬರ್ತಾನೆ.” ಇಲ್ಲ ಎನ್ನುವುದು ಸುಳ್ಳಾಗುತ್ತಿತ್ತು.

ನೀರು ಕಾಯಿಸಲು ಒಳಗೆ ಹೋಗಿದ್ದ ಹೆಂಡತಿ ಹಿತ್ತಲಿನಿಂದ ಕರೆದಳು. “ರೀ, ಕೈ ತೊಳೀರಿ ಬನ್ನಿ. ನೀರು ಆರುತ್ತೆ.”

ಅವನು ಹೋಗಿ ಕಲ್ಲಿನ ಮೇಲೆ ಕೂತ. ಅವಳು ಮೊದಲು ತನ್ನ ಮೊಣಕೈಯನ್ನು ಬಕೆಟ್ಟಿಗೆ ಅದ್ದಿ ನೋಡಿದಳು. ಸೈಲೆನ್ಸರಿನ ದಿನದಿಂದ ಹಾಗೆ ನೋಡದೆ ಅವನ ಕೈಗೆ ನೀರು ಹಾಕಿದವಳಲ್ಲ. ಒಂದು ಚೊಂಬು ತಣ್ಣೀರು ಬೆರೆಸಿದಳು. ಮತ್ತೆ ಅದ್ದಿದಳು. ಮರದ ಹೊಟ್ಟಿಗೆ ಸೋಪಿನ ಪುಡಿ ಕಲಸಿ, ಅವನ ಒಂದೊಂದೇ ಬೆರಳು ಹಿಡಿದು ಉಜ್ಜಿದಳು, ನೀಲಿ ಉಗುರಿನದೊಂದನ್ನು ಬಿಟ್ಟು.

“ಬಿಸಿ ಇದೆಯಾ?” ಎಂದು ಕೇಳಿದ.

“ಹದವಾಗಿದೆ” ಎಂದಳು. ಬಟ್ಟೆಯ ತುದಿಯನ್ನು ಅದೇ ನೀರಿಗೆ ಅದ್ದಿ, ಅವನ ತುಟಿಯ ಮೇಲಿನ ಕಪ್ಪನ್ನು ಒರೆಸತೊಡಗಿದಳು. ನಾನು ಇನ್ನೊಂದು ಚೊಂಬು ನೀರು ತುಂಬಿ ಅವಳ ಕೈಗೆ ಕೊಟ್ಟೆ.